24 ವರ್ಷದ ಹೆಣ್ಣು ಕುದುರೆ: ಎಷ್ಟು ಹಾಕಿದರೂ ಮೈ ಹಿಡಿಯುತ್ತಿಲ್ಲ

ಹುಣಸೂರು ತೋಟದಮನೆ · ಜುಲೈ 6

ಎಲ್ಲರಿಗೂ ನಮಸ್ಕಾರ. ನಮ್ಮ ಚಂದ್ರಿಗೆ ಈಗ 24 ವರ್ಷ. ಮೊದಲು ಸವಾರಿ ಶಾಲೆಯಲ್ಲಿದ್ದಳು. ನನ್ನ ಮಗಳು ಕುದುರೆ ಹತ್ತಲು ಕಲಿತದ್ದು ಇವಳ ಬೆನ್ನ ಮೇಲೆಯೇ. ಐದು ವರ್ಷದ ಹಿಂದೆ ಇವಳು ಕೆಲಸಕ್ಕೆ ಆಗುವುದಿಲ್ಲ ಎಂದಾಗ ನಾವು ಮನೆಗೆ ಕರೆತಂದೆವು.

ಕಳೆದ ದೀಪಾವಳಿಯಿಂದ ಈಚೆಗೆ ಬಡಕಲಾಗುತ್ತಿದ್ದಾಳೆ. ಪಕ್ಕೆಲುಬು ಎಣಿಸಬಹುದು. ಬೆನ್ನುಮೂಳೆ ಎದ್ದು ಕಾಣುತ್ತದೆ, ಚಪ್ಪೆ ಎಲುಬು ಚೂಪಾಗಿದೆ. ದಿನಕ್ಕೆ 3 ಕೆಜಿ ಗೋಧಿ ಬೂಸಾ, 2 ಕೆಜಿ ಹುರುಳಿ ಬೇಯಿಸಿ, ರಾಗಿ ಹುಲ್ಲು, ಜೊತೆಗೆ 25 ಕೆಜಿಯಷ್ಟು ಹಸಿ ನೇಪಿಯರ್ ಹುಲ್ಲು ಹಾಕುತ್ತಿದ್ದೇನೆ. ಮಾರ್ಚ್‌ನಲ್ಲಿ ಜಂತು ಔಷಧಿ ಆಗಿದೆ. ಬಕೆಟ್ ಸದ್ದಾದರೆ ಸಾಕು, ಕೂಗುತ್ತಾಳೆ. ಹಸಿವಿದೆ. ಆದರೂ ಮೈ ತುಂಬುತ್ತಿಲ್ಲ.

ಊರಲ್ಲಿ ಎಲ್ಲರೂ "ವಯಸ್ಸಾಯ್ತು, ಅಷ್ಟೇ" ಎನ್ನುತ್ತಾರೆ. ನನಗೆ ಹಾಗೆ ಬಿಟ್ಟುಬಿಡಲು ಮನಸ್ಸಿಲ್ಲ. ಇನ್ನೇನು ಹಾಕಲಿ?

ಟಾಂಗಾ ಮನೆತನ, ಮೈಸೂರು · ಜುಲೈ 6

ಇನ್ನೇನು ಹಾಕಲಿ ಎಂದು ಕೇಳುವ ಮೊದಲು, ಹಾಕಿದ್ದು ಎಲ್ಲಿ ಹೋಗುತ್ತಿದೆ ನೋಡಿ. ನಮ್ಮ ತಂದೆ ಐವತ್ತು ವರ್ಷ ಟಾಂಗಾ ಓಡಿಸಿದವರು. ಕುದುರೆಯ ಮೈ ಇಳಿಯಿತು ಎಂದರೆ ಅವರು ಮೊದಲು ನೋಡುತ್ತಿದ್ದದ್ದು ಗೋದಲಿಯ ಕೆಳಗೆ. ಆಮೇಲೆ ಲದ್ದಿ. ಆಮೇಲೆ ಬಾಯಿ.

ಒಂದು ಹೊತ್ತು ಅವಳ ಪಕ್ಕದಲ್ಲೇ ಕೂತು, ತಿನ್ನುವುದನ್ನು ಪೂರ್ತಿ ನೋಡಿ. ಹುಲ್ಲನ್ನು ಅಗಿದು ಅಗಿದು ಉಂಡೆ ಮಾಡಿ ಬೀಳಿಸುತ್ತಾಳಾ? ತಲೆ ಒಂದು ಕಡೆ ವಾಲಿಸಿ ತಿನ್ನುತ್ತಾಳಾ? ಲದ್ದಿ ಕೈಯಲ್ಲಿ ಬಿಡಿಸಿ ನೋಡಿ. ಉದ್ದುದ್ದ ನಾರು, ಇಡೀ ಕಾಳು ಇದ್ದರೆ ಅಗಿದಿಲ್ಲ ಎಂದೇ ಅರ್ಥ.

ಹಾಸನದ ಪಶುವೈದ್ಯ · ಜುಲೈ 7

ಮೇಲಿನವರು ಹೇಳಿದ್ದು ಸರಿಯಾದ ದಾರಿ. ವಯಸ್ಸು ಒಂದು ಕಾಯಿಲೆ ಅಲ್ಲ. ಚೆನ್ನಾಗಿ ನೋಡಿಕೊಂಡರೆ ಕುದುರೆ 25-30 ವರ್ಷ ಬದುಕುತ್ತದೆ, 24ಕ್ಕೆ ಎಲುಬು ಕಾಣಲೇಬೇಕು ಎಂದೇನಿಲ್ಲ.

ಹಲ್ಲಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುದಿ ಕುದುರೆ ಇಳಿಯುವುದಕ್ಕೆ ನಾನು ಹೆಚ್ಚಾಗಿ ನೋಡುವ ಕಾರಣ ಇದೇ. ಕುದುರೆಯ ದವಡೆ ಹಲ್ಲು ನಮ್ಮ ಹಲ್ಲಿನ ಹಾಗಲ್ಲ. ಎಳೆಯದರಲ್ಲಿ ಅದರ ಬಹುಪಾಲು ಒಸಡಿನ ಒಳಗೇ ಹುದುಗಿರುತ್ತದೆ. ವರ್ಷಕ್ಕೆ 2-3 ಮಿಲಿಮೀಟರ್ ಹೊರಗೆ ಬರುತ್ತದೆ, ಹುಲ್ಲು ಅಗಿದು ಅಷ್ಟೇ ಸವೆಯುತ್ತದೆ. ಇಪ್ಪತ್ತು ದಾಟಿದ ಮೇಲೆ ಈ ಗಂಟು ಖಾಲಿಯಾಗುತ್ತಾ ಬರುತ್ತದೆ. ಅರೆಯುವ ಏಣುಗಳು ಹೋಗಿ ಹಲ್ಲು ನುಣುಪಾಗುತ್ತದೆ, ಸಡಿಲವಾಗುತ್ತದೆ, ಕೆಲವು ಬಿದ್ದುಹೋಗುತ್ತವೆ. ಇನ್ನೊಂದು ತೊಂದರೆಯೂ ಇದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಮೇಲಿನ ಹಲ್ಲಿನ ಹೊರ ಅಂಚು, ಕೆಳಗಿನ ಹಲ್ಲಿನ ಒಳ ಅಂಚು ಸವೆಯದೆ ಚೂಪಾಗಿ ಉಳಿಯುತ್ತವೆ. ಅವು ಕೆನ್ನೆ, ನಾಲಿಗೆಯನ್ನು ಕೊಯ್ಯುತ್ತವೆ. ಹಸಿವಿದ್ದರೂ ನೋವಿಗೆ ಅಗಿಯುವುದನ್ನು ಬಿಟ್ಟುಬಿಡುತ್ತದೆ. ಮುಂದಿನ ಹಲ್ಲು ನೋಡಿ "ಸರಿ ಇದೆ" ಎಂದರೆ ಸಾಲದು. ಮಂಪರು ಕೊಟ್ಟು, ಬಾಯಿಗೆ ತೆರೆಯುವ ಚೌಕಟ್ಟು ಹಾಕಿ, ಬೆಳಕು ಬಿಟ್ಟು ಕೊನೆಯ ದವಡೆ ಹಲ್ಲಿನವರೆಗೂ ನೋಡಬೇಕು.

ಜೊತೆಗೆ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಎರಡು ರೋಗ ಮರೆಯಬಾರದು. ಒಂದು ಸರ್ರಾ, ರಕ್ತ ಹೀರುವ ದೊಡ್ಡ ನೊಣಗಳಿಂದ ಬರುವುದು. ಇನ್ನೊಂದು ಉಣ್ಣಿ ಕಚ್ಚುವುದರಿಂದ ಬರುವ ಪೈರೊಪ್ಲಾಸ್ಮಾ. ಎರಡರಲ್ಲೂ ಕುದುರೆ ಸದ್ದಿಲ್ಲದೆ ಸೊರಗಬಹುದು. ಯಕೃತ್ತು, ಮೂತ್ರಪಿಂಡ ಹೇಗಿವೆ ಎಂಬುದೂ ಗೊತ್ತಾಗುತ್ತದೆ. ಲದ್ದಿಯಲ್ಲಿ ಜಂತಿನ ಮೊಟ್ಟೆ ಎಷ್ಟಿದೆ ಎಂದು ಎಣಿಸಲು ಹೇಳಿ. ಔಷಧಿ ಕೊಟ್ಟಿದ್ದೀರಿ, ನಿಜ. ಆದರೆ ಅದು ಕೆಲಸ ಮಾಡಿದೆಯೇ ಎಂದು ಎಣಿಸದೆ ತಿಳಿಯುವುದಿಲ್ಲ.

ಒಂದು ಅಳತೆಯನ್ನೂ ಇಟ್ಟುಕೊಳ್ಳಿ. ಮುಂಗಾಲ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಹಿಂಭಾಗದ ಎಲುಬಿನ ತುದಿವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುಮಾರಾಗಿ ತೂಕ ಬರುತ್ತದೆ. ಕಣ್ಣಳತೆಗೆ ದಿನಾ ನೋಡುವವರು ಮೋಸ ಹೋಗುತ್ತಾರೆ, ಟೇಪಿಗೆ ಆ ತೊಂದರೆ ಇಲ್ಲ.

ಹುಣಸೂರು ತೋಟದಮನೆ · ಜುಲೈ 9

ಎರಡು ದಿನ ಬೆಳಗ್ಗೆ ಸಂಜೆ ಪಕ್ಕದಲ್ಲೇ ಕೂತೆ. ಗೋದಲಿಯ ಕೆಳಗೆ ನಿಂಬೆಹಣ್ಣಿನಷ್ಟು ದೊಡ್ಡ, ಒದ್ದೆ ಹುಲ್ಲಿನ ಉಂಡೆಗಳು. ಒಂದೇ ಬೆಳಗ್ಗೆ ಹನ್ನೊಂದು ಸಿಕ್ಕಿದವು. ಇಷ್ಟು ದಿನ ಕಸ ಎಂದುಕೊಂಡು ನಾನೇ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದೆ. ಲದ್ದಿಯಲ್ಲಿ ಉಗುರಿಗಿಂತ ಉದ್ದದ ನಾರು ಇದೆ. ನೋಡಿ ಕಣ್ಣಲ್ಲಿ ನೀರು ಬಂತು. ಅವಳು ಪಾಪ, ತಿನ್ನುತ್ತಿದ್ದಾಳೆ ಎಂದೇ ನಾನು ನಂಬಿದ್ದೆ.

ಸುತ್ತಳತೆ 168, ಉದ್ದ 157. ಲೆಕ್ಕಕ್ಕೆ 373 ಕೆಜಿ.

ಟಾಂಗಾ ಮನೆತನ, ಮೈಸೂರು · ಜುಲೈ 9

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ಅದೇ ಕಥೆ. ಬೇಸರ ಮಾಡಿಕೊಳ್ಳಬೇಡಿ. ಕಾರಣ ಸಿಕ್ಕಿತಲ್ಲ.

ಕನಕಪುರದ ಹೊಸಬ · ಜುಲೈ 10

ನಮ್ಮಲ್ಲಿ ಹಸುಗಳಿಗೆ ಹಾಕುವ ಪಶು ಆಹಾರದ ಗುಳಿಗೆ ಇದೆ. ಮೆತ್ತಗೆ ನೆನೆಸಿ ಹಾಕಿದರೆ ಆಗುವುದಿಲ್ಲವೇ? ಹಾಲು ಜಾಸ್ತಿ ಬರುತ್ತದೆ, ಮೈಯೂ ತುಂಬುತ್ತದೆ.

ಹಾಸನದ ಪಶುವೈದ್ಯ · ಜುಲೈ 10

ದಯವಿಟ್ಟು ಬೇಡ. ಹಸು, ಕೋಳಿಗಳ ಆಹಾರದಲ್ಲಿ ಕೆಲವೊಮ್ಮೆ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಹಸುವಿಗೆ ಅದು ಒಗ್ಗುತ್ತದೆ. ಕುದುರೆಗೆ ವಿಷ, ಹೃದಯದ ಸ್ನಾಯುವನ್ನೇ ಹಾಳು ಮಾಡುತ್ತದೆ. ಸ್ವಲ್ಪವೇ ಸಾಕು. ಚೀಲದ ಮೇಲೆ ಬರೆದಿಲ್ಲ ಎಂದು ಧೈರ್ಯ ಮಾಡಬೇಡಿ. ಹಾಗೆಯೇ ಬೂಷ್ಟು ಹಿಡಿದ ಮೆಕ್ಕೆಜೋಳ, ಮುಗ್ಗಿದ ಶೇಂಗಾ ಹಿಂಡಿ ಕೂಡ ಬೇಡ. ಬೂಷ್ಟು ಹಿಡಿದ ಮೆಕ್ಕೆಜೋಳ ಕುದುರೆಯ ಮಿದುಳಿಗೇ ಹೊಡೆಯುತ್ತದೆ.

ಹುಣಸೂರು ತೋಟದಮನೆ · ಜುಲೈ 18

ವೈದ್ಯರು ಬಂದು ನೋಡಿದರು. ಎಡಗಡೆ ಕೆಳಗೆ ಒಂದು ದವಡೆ ಹಲ್ಲು ಅಲ್ಲಾಡುತ್ತಿತ್ತು, ತೆಗೆದರು. ಮೇಲಿನ ಅಂಚುಗಳು ಕೆನ್ನೆಯ ಒಳಗೆ ಎರಡು ಹುಣ್ಣು ಮಾಡಿದ್ದವು. ಅವನ್ನು ಉಜ್ಜಿ ನಯ ಮಾಡಿದರು, ಜಾಸ್ತಿ ಉಜ್ಜಲಿಲ್ಲ. ಈ ವಯಸ್ಸಿನಲ್ಲಿ ಉಳಿದಿರುವುದನ್ನೂ ಸವೆಸಿಬಿಡಬಾರದಂತೆ. ಹಿಂದಿನ ಹಲ್ಲುಗಳು ಸುಮಾರು ನುಣುಪಾಗಿವೆ. "ಇನ್ನು ಮೇಲೆ ಒಣ ಹುಲ್ಲನ್ನು ಇವಳು ಅರೆಯುವುದಿಲ್ಲ. ನೀವೇ ಅರೆದು ಕೊಡಬೇಕು" ಎಂದರು. ಆರು ತಿಂಗಳಿಗೊಮ್ಮೆ ತೋರಿಸಬೇಕು.

ರಕ್ತದಲ್ಲಿ ಸರ್ರಾ ಇಲ್ಲ, ಪೈರೊಪ್ಲಾಸ್ಮಾ ಇಲ್ಲ. ಜಂತಿನ ಮೊಟ್ಟೆ ಸ್ವಲ್ಪ ಇತ್ತು, ಬೇರೆ ಔಷಧಿ ಕೊಟ್ಟಿದ್ದಾರೆ.

ಈಗ ನನ್ನ ಪ್ರಶ್ನೆ ಬದಲಾಗಿದೆ. ಅರೆದು ಕೊಡುವುದು ಹೇಗೆ?

ಲಾಯದ ಕೆಲಸ, ಐರ್ಲೆಂಡ್ · ಜುಲೈ 18

ನಾನು ಹಾವೇರಿ ಕಡೆಯವನು. ಆರು ವರ್ಷದಿಂದ ಕಿಲ್ಡೇರ್‌ನಲ್ಲಿ ಕುದುರೆ ಲಾಯದಲ್ಲಿ ಕೆಲಸ. ಇಲ್ಲಿ ಒಂದೂ ದವಡೆ ಹಲ್ಲು ಇಲ್ಲದ 29ರ ಕುದುರೆ ನಮ್ಮ ಹತ್ತಿರ ಇದೆ, ಗುಂಡಗಿದೆ. ಅದು ಹುಲ್ಲಿನ ಕಡ್ಡಿ ತಿಂದು ವರ್ಷಗಳಾಗಿವೆ. ತಿನ್ನುವುದೆಲ್ಲ ನೆನೆಸಿದ ಗಂಜಿ.

ಇಲ್ಲಿ ಸಕ್ಕರೆ ಬೀಟ್‌ನ ಚರಟ ಸಿಗುತ್ತದೆ, ನೆನೆಸಿದರೆ ಉಬ್ಬಿ ಮೆತ್ತಗಾಗುತ್ತದೆ. ನಿಮಗೆ ಅದರ ಹಿಂದೆ ಓಡುವ ಅಗತ್ಯವಿಲ್ಲ. ನಮ್ಮ ಕಡೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಇದೆಯಲ್ಲ, ಅದೇ ಬಂಗಾರ. ಅದರ ಗುಳಿಗೆ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಒಣಗಿಸಿ, ಒರಟಾಗಿ ಪುಡಿ ಮಾಡಿ, ಎರಡು ಮೂರು ಪಾಲು ನೀರು ಹಾಕಿ ಒಂದು ಗಂಟೆ ನೆನೆಯಲು ಬಿಡಿ. ಬೆರಳಲ್ಲಿ ಹಿಸುಕಿದರೆ ಗಟ್ಟಿ ತುಣುಕು ಸಿಗಬಾರದು. ಬೇಸಿಗೆಯಲ್ಲಿ ಬಹಳ ಹೊತ್ತು ಬಿಟ್ಟರೆ ಹುಳಿಯುತ್ತದೆ, ಆಗಾಗ ಹೊಸದಾಗಿ ನೆನೆಸಿ. ಉಪ್ಪು ಎರಡು ಚಮಚ. ಗಂಜಿಯಲ್ಲೇ ನೀರೂ ಹೊಟ್ಟೆಗೆ ಹೋಗುತ್ತದೆ, ಮುದಿ ಕುದುರೆಗೆ ಅದು ದೊಡ್ಡ ಉಪಕಾರ.

ಮುಖ್ಯ ವಿಷಯ, ಎಷ್ಟು? ತೂಕದ ನೂರಕ್ಕೆ ಎರಡರಷ್ಟು ಒಣ ಲೆಕ್ಕದ ಮೇವು ದಿನಕ್ಕೆ ಬೇಕು. ಚಂದ್ರಿಗೆ ಹತ್ತಿರ ಹತ್ತಿರ ಏಳೂವರೆ ಕೆಜಿ. ನೀವು 25 ಕೆಜಿ ನೇಪಿಯರ್ ಹಾಕುತ್ತಿದ್ದೆ ಎಂದಿರಿ. ಹಸಿ ಹುಲ್ಲಿನಲ್ಲಿ ನೂರಕ್ಕೆ ಎಂಬತ್ತು ನೀರು. ಅಂದರೆ ಅದು 5 ಕೆಜಿ ಅಷ್ಟೇ, ಅದರಲ್ಲೂ ಅರ್ಧ ಉಂಡೆಯಾಗಿ ನೆಲಕ್ಕೆ ಬೀಳುತ್ತಿತ್ತು. ಅವಳು ಹಸಿದೇ ಇದ್ದಳು.

ಹಾಗಂತ ಒಮ್ಮೆಲೇ ಸುರಿಯಬೇಡಿ. ಕುದುರೆಯ ಜಠರ ಮೈಗೆ ಹೋಲಿಸಿದರೆ ಚಿಕ್ಕದು. ದಿನಕ್ಕೆ ಐದು ಆರು ಸಲ ಕೊಡಿ. ಹಳೆಯದರಿಂದ ಹೊಸದಕ್ಕೆ ಹೋಗಲು ಎರಡು ವಾರ ತೆಗೆದುಕೊಳ್ಳಿ. ಹುಲ್ಲನ್ನು ಅರಗಿಸುವ ಕೆಲಸ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳದ್ದು. ಅವುಗಳಿಗೂ ಹೊಸ ಊಟ ಒಗ್ಗಬೇಕಲ್ಲ.

ಟಾಂಗಾ ಮನೆತನ, ಮೈಸೂರು · ಜುಲೈ 19

ಎಲ್ಲ ಸರಿ. ಆದರೆ ಹುರುಳಿ ಬಿಡಬೇಡಿ. ಬೇಯಿಸಿದ ಹುರುಳಿ ತಿಂದೇ ನಮ್ಮ ಕುದುರೆಗಳು ಟಾಂಗಾ ಎಳೆದದ್ದು. ಬಡ ಕುದುರೆಗೆ ಅದಕ್ಕಿಂತ ಬೇರೆ ಔಷಧಿ ಇಲ್ಲ.

ಹಾಸನದ ಪಶುವೈದ್ಯ · ಜುಲೈ 19

ಹುರುಳಿ ಬಿಡಿ ಎಂದು ನಾನೂ ಹೇಳುವುದಿಲ್ಲ. ಅದರಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಪ್ರೋಟೀನ್ ಇದೆ. ಬೆನ್ನಿನ ಮಾಂಸ ಕರಗಿದ ಮುದಿ ಕುದುರೆಗೆ ಪ್ರೋಟೀನ್ ಬೇಕೇ ಬೇಕು. ಹಿಂದಿನವರು ಬೇಯಿಸಿ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಹಸಿ ಕಾಳಿನಲ್ಲಿ ಪ್ರೋಟೀನ್ ಅರಗಲು ಬಿಡದ ಅಂಶವಿದೆ, ಬೇಯಿಸಿದರೆ ಅದು ಹೋಗುತ್ತದೆ.

ಆದರೆ ನಿಮ್ಮ ತಂದೆಯವರ ಕುದುರೆಗೆ ಹಲ್ಲಿತ್ತು. ದಿನವಿಡೀ ದುಡಿಯುತ್ತಿತ್ತು, ಹೊಟ್ಟೆ ತುಂಬ ಹುಲ್ಲೂ ತಿನ್ನುತ್ತಿತ್ತು. ನಾರು ಕಡಿಮೆ ಇದ್ದು ಕಾಳು ಜಾಸ್ತಿಯಾದರೆ ಅರಗದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ. ಹೊಟ್ಟೆ ಶೂಲೆ, ಗೊರಸಿನ ಉರಿ ಎರಡೂ ಅಲ್ಲಿಂದಲೇ ಶುರು. ಹಾಗಾಗಿ ಚಂದ್ರಿಗೆ ದಿನಕ್ಕೆ ಅರ್ಧ ಕೆಜಿ ಹುರುಳಿ ಸಾಕು. ರಾತ್ರಿ ನೆನೆಹಾಕಿ, ಮೆತ್ತಗೆ ಬೇಯಿಸಿ, ಹಿಸುಕಿ ಮೂರು ಹೊತ್ತಿಗೆ ಹಂಚಿ.

ನನಗೆ ಹೆಚ್ಚು ಚಿಂತೆ ಇರುವುದು ಬೂಸಾದ ಬಗ್ಗೆ. ಗೋಧಿ ಬೂಸಾದಲ್ಲಿ ರಂಜಕ (ಫಾಸ್ಫರಸ್) ಸುಣ್ಣಕ್ಕಿಂತ, ಅಂದರೆ ಕ್ಯಾಲ್ಸಿಯಂಗಿಂತ, ಹತ್ತು ಪಟ್ಟು ಹತ್ತಿರ ಇರುತ್ತದೆ. ಕುದುರೆಗೆ ಸುಣ್ಣವೇ ಒಂದು ಕೈ ಮೇಲಿರಬೇಕು. ನೇಪಿಯರ್‌ನಲ್ಲಿ ಆಕ್ಸಲೇಟ್ ಬೇರೆ ಇದೆ, ಅದು ಇರುವ ಸುಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇವೆರಡನ್ನೂ ತಿಂಗಳುಗಟ್ಟಲೆ ಕೊಟ್ಟರೆ ದೇಹ ಎಲುಬಿನಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ. ಮುಖದ ಎಲುಬು ಊದುತ್ತದೆ, ಕಾಲು ಕುಂಟುತ್ತದೆ, ಹಲ್ಲು ಇನ್ನಷ್ಟು ಸಡಿಲವಾಗುತ್ತದೆ. ಹಿಂದೆ ಯುರೋಪಿನಲ್ಲಿ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಇದು ಬರುತ್ತಿತ್ತು, ಬೂಸಾ ಸುಲಭವಾಗಿ ಸಿಗುತ್ತಿದ್ದರಿಂದ. ಮೂರು ಕೆಜಿಯನ್ನು ನಿಧಾನವಾಗಿ ಇಳಿಸಿ, ರುಚಿಗೆ ಒಂದು ಹಿಡಿ ಉಳಿಸಿಕೊಳ್ಳಿ. ಕುದುರೆ ಮಸಾಲೆಯಲ್ಲಿ ಸುಣ್ಣ ಚೆನ್ನಾಗಿದೆ, ಅದು ಈ ಕೊರತೆ ತುಂಬುತ್ತದೆ. ಖನಿಜ ಮಿಶ್ರಣ ಯಾವುದು, ಎಷ್ಟು ಎಂದು ನಿಮ್ಮ ವೈದ್ಯರನ್ನೇ ಕೇಳಿ.

ಟಾಂಗಾ ಮನೆತನ, ಮೈಸೂರು · ಜುಲೈ 19

ಹಲ್ಲಿನ ಮಾತು ಒಪ್ಪಿದೆ ಡಾಕ್ಟ್ರೇ. ಬೂಸಾ ಬಗ್ಗೆ ಇದು ನನಗೆ ಹೊಸದು. ನಮ್ಮಲ್ಲಿ ಒಂದು ಕುದುರೆಗೆ ಮುಖ ಊದಿತ್ತು. ಯಾರಿಗೂ ಕಾರಣ ತಿಳಿದಿರಲಿಲ್ಲ.

ಮಸಾಲೆ ಬೆಳೆಗಾರ, ಚಿಕ್ಕಬಳ್ಳಾಪುರ · ಜುಲೈ 20

ಕುದುರೆ ಮಸಾಲೆ ಬಗ್ಗೆ ಎರಡು ಮಾತು. ಹೂ ಬಿಡಲು ಶುರುವಾಗುವಾಗಲೇ ಕೊಯ್ಯಬೇಕು. ಬಲಿತರೆ ಕಾಂಡ ಕಡ್ಡಿಯಾಗುತ್ತದೆ. ಬಿಸಿಲಲ್ಲಿ ಬಹಳ ಒಣಗಿಸಿದರೆ ಎಲೆ ಉದುರಿ ಕಡ್ಡಿ ಮಾತ್ರ ಉಳಿಯುತ್ತದೆ, ಸತ್ವ ಇರುವುದು ಎಲೆಯಲ್ಲೇ. ಅರ್ಧ ದಿನ ಬಿಸಿಲು, ಆಮೇಲೆ ನೆರಳು. ಮಳೆಗಾಲದಲ್ಲಿ ಒಣಗಿಸುವ ಸಾಹಸ ಬೇಡ, ಬೂಷ್ಟು ಗ್ಯಾರಂಟಿ. ಈಗ ಒಣಗಿದ್ದನ್ನು ಕೊಂಡುಕೊಳ್ಳಿ, ನವೆಂಬರಿನಿಂದ ನೀವೇ ಮಾಡಿ. ಒಮ್ಮೆ ಹಾಕಿದರೆ ನೀರಿದ್ದರೆ ಮೂರು ವರ್ಷ ಕೊಯ್ಯಬಹುದು.

ಹುಣಸೂರು ತೋಟದಮನೆ · ಆಗಸ್ಟ್ 14

ಗಂಜಿಗೆ ಒಗ್ಗಿಕೊಂಡಿದ್ದಾಳೆ. ಆದರೆ ಒಂದು ಅನಾಹುತ ಆಗಿ ತಪ್ಪಿತು, ಬೇರೆಯವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಾನು ಮೈಸೂರಿಗೆ ಹೋಗಿದ್ದೆ. ಮನೆಯಲ್ಲಿದ್ದವರು ಗುಳಿಗೆಯನ್ನು ನೆನೆಸದೆ ಹಾಗೆಯೇ ಹಾಕಿದ್ದಾರೆ. ಹಸಿದಿದ್ದ ಚಂದ್ರಿ ಗಬಗಬ ತಿಂದಳು. ಗಂಟಲಲ್ಲಿ ಸಿಕ್ಕಿಕೊಂಡಿತು. ಕತ್ತು ಚಾಚುತ್ತಾಳೆ, ಕೆಮ್ಮುತ್ತಾಳೆ, ಮೂಗಿನಿಂದ ಹಸಿರು ನೊರೆ. ಪಕ್ಕದವರು ಬಾಯಿಗೆ ಎಣ್ಣೆ ಹೊಯ್ಯಲು ಓಡಿ ಬಂದರಂತೆ. ಪುಣ್ಯಕ್ಕೆ ಮಗಳು ತಡೆದು ವೈದ್ಯರಿಗೆ ಫೋನ್ ಮಾಡಿದಳು. "ಏನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮೇವು ನೀರು ಎಲ್ಲ ತೆಗೆಯಿರಿ, ತಲೆ ಕೆಳಗೆ ಇರಲಿ, ನಾನು ಹೊರಟೆ" ಎಂದರು. ಅವರು ಬರುವಷ್ಟರಲ್ಲಿ ಇಳಿದುಹೋಗಿತ್ತು. ಆದರೂ ಎರಡು ದಿನ ಜ್ವರ ನೋಡಲು ಹೇಳಿದ್ದರು. ಜ್ವರ ಬರಲಿಲ್ಲ.

ಈಗ ನೆನೆಸುವ ಬಕೆಟ್ಟಿನ ಮೇಲೆ ಗೋಡೆಗೆ ದೊಡ್ಡದಾಗಿ ಬರೆದಿಟ್ಟಿದ್ದೇವೆ.

ಸುತ್ತಳತೆ 169.

ಲಾಯದ ಕೆಲಸ, ಐರ್ಲೆಂಡ್ · ಆಗಸ್ಟ್ 15

ಒಂದೇ ಸೆಂಟಿಮೀಟರ್ ಎಂದು ಬೇಜಾರಾಗಬೇಡಿ. ಮೊದಲ ತಿಂಗಳು ಹೊಟ್ಟೆ ರೂಢಿಯಾಗುವುದಕ್ಕೇ ಹೋಗುತ್ತದೆ. ನಾರಿನ ಗಂಜಿ ಚೆನ್ನಾಗಿ ರೂಢಿಯಾದ ಮೇಲೆ ಎಣ್ಣೆ ಶುರು ಮಾಡಿ. ಲಾಭ ಏನೆಂದರೆ, ಪಿಷ್ಟ ಜಾಸ್ತಿ ಮಾಡದೆ ಶಕ್ತಿ ಕೊಡಬಹುದು. ಒಂದು ಲೋಟ, ಅಂದರೆ 200 ಮಿಲಿ ಎಣ್ಣೆ ಅರ್ಧ ಕೆಜಿ ಓಟ್ಸ್‌ನಷ್ಟು ಶಕ್ತಿ ಕೊಡುತ್ತದೆ. ಸೋಯಾ ಎಣ್ಣೆ ಆಗುತ್ತದೆ, ಅಗಸೆ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಶುರುವಿಗೆ 40-50 ಮಿಲಿ. ಕುದುರೆಗೆ ಪಿತ್ತಕೋಶವೇ ಇಲ್ಲ, ಕೊಬ್ಬು ಅರಗಿಸಲು ನಿಧಾನಕ್ಕೆ ಕಲಿಯುತ್ತದೆ. ಎಣ್ಣೆ ಹೆಚ್ಚಿಸಿದಾಗ ವಿಟಮಿನ್ ಇ ಕೂಡ ಬೇಕು, ವೈದ್ಯರನ್ನು ಕೇಳಿ ಕೊಡಿ.

ಕನಕಪುರದ ಹೊಸಬ · ಸೆಪ್ಟೆಂಬರ್ 3

ಇದನ್ನೆಲ್ಲ ಓದಿ ನಮ್ಮ 20ರ ಕುದುರೆಯ ಹಲ್ಲು ತೋರಿಸಿದೆ. ಹಲ್ಲು ಪರವಾಗಿಲ್ಲವಂತೆ. ಆದರೆ ಅದರ ಬೆನ್ನು ಕರಗಿ ಹೊಟ್ಟೆ ಜೋತುಬಿದ್ದಿದೆ. ಬೇಸಿಗೆಯಲ್ಲೂ ಉದ್ದ ಕೂದಲು ಉದುರಲಿಲ್ಲ. ನೀರು ಬಹಳ ಕುಡಿಯುತ್ತದೆ.

ಹಾಸನದ ಪಶುವೈದ್ಯ · ಸೆಪ್ಟೆಂಬರ್ 3

ನಿಮ್ಮದು ಬೇರೆ ದಾರಿ ಇರಬಹುದು. ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಹದ ತಪ್ಪಿದಾಗ ಹೀಗೇ ಕಾಣುತ್ತದೆ, ಕುಶಿಂಗ್ ಎನ್ನುತ್ತಾರೆ. ಎಸಿಟಿಎಚ್ ಎಂಬ ಹಾರ್ಮೋನಿನ ರಕ್ತ ಪರೀಕ್ಷೆ ಇದೆ. ದಿನಾ ಕೊಡುವ ಪರ್ಗೊಲೈಡ್ ಎಂಬ ಮಾತ್ರೆಯಿಂದ ಎಷ್ಟೋ ಕುದುರೆಗಳು ಸುಧಾರಿಸುತ್ತವೆ. ಗೊರಸಿನ ಉರಿಯ ಅಪಾಯ ಇವಕ್ಕೆ ಜಾಸ್ತಿ. ಪರೀಕ್ಷೆ ಆಗುವವರೆಗೆ ಬೆಲ್ಲ, ಮೆಕ್ಕೆಜೋಳ, ಓಟ್ಸ್ ಯಾವುದೂ ಬೇಡ. ಎಲುಬು ಕಾಣುತ್ತಿದೆ ಎಂದು ಚಂದ್ರಿಯ ಊಟವನ್ನೇ ಹಾಗೆಯೇ ಹಾಕಬೇಡಿ.

ಹುಣಸೂರು ತೋಟದಮನೆ · ಅಕ್ಟೋಬರ್ 5

ಸುತ್ತಳತೆ 172. ಲೆಕ್ಕಕ್ಕೆ 391 ಕೆಜಿ!

ಈಗಿನ ಊಟ ಬರೆಯುತ್ತೇನೆ. ಒಣ ಲೆಕ್ಕದಲ್ಲಿ 5 ಕೆಜಿ ಕುದುರೆ ಮಸಾಲೆ, ನೆನೆಸಿ ಐದು ಹೊತ್ತು. ಒಂದು ಕೆಜಿ ನುಚ್ಚು ಮಾಡಿದ ಓಟ್ಸ್ ಮೂರು ಹೊತ್ತಿಗೆ ಹಂಚಿ. ಅರ್ಧ ಕೆಜಿ ಹುರುಳಿ. ಸೋಯಾ ಎಣ್ಣೆ 200 ಮಿಲಿ. ಮಧ್ಯದಲ್ಲಿ ಬೇಗ ಹೆಚ್ಚಿಸಿಬಿಟ್ಟೆ, ಲದ್ದಿ ತೆಳ್ಳಗಾಯಿತು. ಹಿಂದಕ್ಕೆ ಹೋಗಿ ಮತ್ತೆ ನಿಧಾನವಾಗಿ ಏರಿಸಿದೆ. ಉಳಿದದ್ದು ಎಳೆ ಗರಿಕೆ, ಹೊಲದಲ್ಲಿ ಬಿಟ್ಟು ಮೇಯಿಸುತ್ತೇನೆ. ಮೆತ್ತಗಿರುವುದರಿಂದ ಕಿತ್ತು ತಿನ್ನುತ್ತಾಳೆ, ಉಂಡೆ ಬೀಳುವುದು ಒಂದೋ ಎರಡೋ. ಎಲ್ಲವನ್ನೂ ತೂಕ ಮಾಡಿ ಹಾಕುತ್ತಿದ್ದೇನೆ. ಮೊದಲು ಡಬ್ಬದಲ್ಲಿ ಅಳೆಯುತ್ತಿದ್ದೆ. ಅದೇ ಡಬ್ಬದಲ್ಲಿ ಬೂಸಾ ಎಷ್ಟು ಹಗುರ, ಹುರುಳಿ ಎಷ್ಟು ಭಾರ ಎಂದು ತಕ್ಕಡಿ ಹಿಡಿದಾಗಲೇ ಗೊತ್ತಾದದ್ದು.

ಮಳೆಯಲ್ಲಿ ಒದ್ದೆಯಾಗಿ ನಿಲ್ಲಲು ಬಿಡುತ್ತಿಲ್ಲ. ತೆಳು ಕುದುರೆಗೆ ನೆನೆದು ಗಾಳಿ ಬಡಿದರೆ ತಿಂದದ್ದೆಲ್ಲ ಮೈ ಬಿಸಿ ಇಡುವುದಕ್ಕೇ ಹೋಗುತ್ತದೆ. ರಾತ್ರಿ ಒಣ ಕಂಬಳಿ ಹೊದಿಸುತ್ತೇವೆ, ಬೆಳಗ್ಗೆ ತೆಗೆದು ಕೈಯಾಡಿಸಿ ನೋಡುತ್ತೇವೆ.

ಟಾಂಗಾ ಮನೆತನ, ಮೈಸೂರು · ಅಕ್ಟೋಬರ್ 5

ಜೊತೆಗೆ ಬೇರೆ ಪ್ರಾಣಿ ಇದೆಯಾ? ಎಳೆ ಕುದುರೆ ಇದ್ದರೆ ಮುದಿಯದನ್ನು ಬಕೆಟ್ಟಿನಿಂದ ಓಡಿಸುತ್ತದೆ. ಗಂಜಿ ತಿನ್ನುವುದು ನಿಧಾನ.

ಹುಣಸೂರು ತೋಟದಮನೆ · ಅಕ್ಟೋಬರ್ 6

ಒಂದು ಮರಿ ತಟ್ಟುಕುದುರೆ ಇದೆ, ಅದರದ್ದು ಇದೇ ಕೆಲಸ. ಮಧ್ಯೆ ಬಿದಿರಿನ ಅಡ್ಡೆ ಹಾಕಿದ್ದೇವೆ. ಒಬ್ಬರಿಗೊಬ್ಬರು ಕಾಣಬೇಕು, ಇಲ್ಲದಿದ್ದರೆ ಚಂದ್ರಿ ತಿನ್ನುವುದು ಬಿಟ್ಟು ಅದನ್ನೇ ಕರೆಯುತ್ತಾಳೆ.

ಹುಣಸೂರು ತೋಟದಮನೆ · ಡಿಸೆಂಬರ್ 12

176. ಅಂದರೆ 409 ಕೆಜಿ. ಐದು ತಿಂಗಳಲ್ಲಿ 36 ಕೆಜಿ.

ಪಕ್ಕೆಲುಬು ಈಗ ಕಣ್ಣಿಗೆ ಕಾಣುವುದಿಲ್ಲ, ಕೈ ಒತ್ತಿದರೆ ಸಿಗುತ್ತದೆ. ಬಾಲದ ಬುಡ ಮೆತ್ತಗಾಗಿದೆ. ಬೆನ್ನು ಮಾತ್ರ ಪೂರ್ತಿ ತುಂಬಿಲ್ಲ. ಸಂಜೆ ಅರ್ಧ ಗಂಟೆ ಕೈ ಹಿಡಿದು ಏರಿನಲ್ಲಿ ನಡೆಸುತ್ತಿದ್ದೇನೆ. ಇನ್ನು ಎಣ್ಣೆ ಹೀಗೇ ಮುಂದುವರಿಸಲೇ?

ಹಾಸನದ ಪಶುವೈದ್ಯ · ಡಿಸೆಂಬರ್ 12

ತುಂಬ ಸಂತೋಷವಾಯಿತು. ಹೆನೆಕೆ ಎಂಬುವರು 1983ರಲ್ಲಿ ಕುದುರೆಯ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುವ ಕ್ರಮ ಮಾಡಿದರು. ಅದರಲ್ಲಿ 5 ಮಧ್ಯಮ. ನೀವು ಹೇಳುವುದು ನೋಡಿದರೆ ಅಲ್ಲಿಗೆ ಹತ್ತಿರ ಬಂದಿದ್ದೀರಿ. ಮುದುಕಿಗೆ ಅಷ್ಟು ಸಾಕು. ಭಾರ ಜಾಸ್ತಿಯಾದರೆ ಸವೆದ ಕೀಲುಗಳಿಗೆ ಕಷ್ಟ.

ಹದಿನೈದು ದಿನಕ್ಕೊಮ್ಮೆ ಅಳತೆ ಮಾಡಿ. 178 ದಾಟಿದರೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. 174ಕ್ಕೆ ಬಂದರೆ ಊಟ ಹೆಚ್ಚಿಸುವ ಮೊದಲು ಬಾಯಿ ನೋಡಿಸಿ. ಜನವರಿಗೆ ಹೇಗೂ ಆರು ತಿಂಗಳಾಗುತ್ತದೆ. ನಾರಿನ ಗಂಜಿಯನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಅದು ಈಗ ಅವಳ ಹುಲ್ಲು.

ಮಸಾಲೆ ಬೆಳೆಗಾರ, ಚಿಕ್ಕಬಳ್ಳಾಪುರ · ಡಿಸೆಂಬರ್ 13

ಬೇಸಿಗೆಗೆ ಸಂಗ್ರಹ ಮಾಡಿದ್ದೀರಾ?

ಹುಣಸೂರು ತೋಟದಮನೆ · ಡಿಸೆಂಬರ್ 13

ಹತ್ತು ಗುಂಟೆಯಲ್ಲಿ ಮಸಾಲೆ ಹಾಕಿದ್ದೇವೆ, ಮೊದಲ ಕೊಯ್ಲಿಗೆ ಇನ್ನೂ ಸಮಯ ಬೇಕು. ಅಲ್ಲಿಯವರೆಗೆ ಕೊಂಡದ್ದು ಅಟ್ಟದ ಮೇಲೆ ಹನ್ನೆರಡು ಚೀಲ ಇದೆ. ನೆಲದ ತೇವ ತಾಗದಂತೆ ಹಲಗೆ ಹಾಕಿ ಇಟ್ಟಿದ್ದೇನೆ. ಐದು ಗಂಟೆಯ ಬಕೆಟ್ ನೆನೆಯುತ್ತಿದೆ, ಅವಳು ಆಗಲೇ ಬಾಗಿಲ ಹತ್ತಿರ ಬಂದು ನಿಂತಿದ್ದಾಳೆ.